ಟಿಎಸ್‌ಎಚ್ ನಾರ್ಮಲ್ ಬಂದಿತ್ತು, ಆದರೂ ಅಕ್ಕ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ

ಸಿಂಧನೂರು ಟೀಚರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಇದು ನಮ್ಮ ಅಕ್ಕನ ವಿಷಯ. ಅವಳನ್ನು ಕೇಳಿ, ಅವಳು ಹೂಂ ಅಂದ ಮೇಲೇ ಬರೆಯಲು ಕೂತಿದ್ದೇನೆ.

ಅಕ್ಕನಿಗೆ ಈಗ 38 ವರ್ಷ. ಎರಡನೇ ಹೆರಿಗೆಯಾಗಿ 11 ವರ್ಷ ಆಯಿತು. ಆ ರಾತ್ರಿ ತುಂಬಾ ರಕ್ತ ಹೋಯಿತು. ನಾಲ್ಕು ಬಾಟಲಿ ರಕ್ತ ಹಾಕಿದರು. ಜೀವ ಉಳಿಯಿತಲ್ಲ ಅಂತ ನಾವೆಲ್ಲ ಅಂಬಾಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಆದರೆ ಮಗುವಿಗೆ ಎದೆಹಾಲು ಬರಲೇ ಇಲ್ಲ. ಒಂದು ಹನಿಯೂ ಇಲ್ಲ. ಅವ್ವ ಸಬ್ಬಸಿಗೆ, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲಾ ತಿನ್ನಿಸಿದಳು. ಬರಲಿಲ್ಲ. ಮುಟ್ಟೂ ಮತ್ತೆ ಬರಲಿಲ್ಲ. "ರಕ್ತ ಹೋಗಿದೆ, ಮೈ ತುಂಬಿಕೊಂಡ ಮೇಲೆ ಬರುತ್ತದೆ" ಅಂದರು. ವರ್ಷ ಎರಡಾದ ಮೇಲೆ ಆ ಮಾತೂ ನಿಂತಿತು.

ಆಮೇಲೆ ಸುಸ್ತು. ಸಿಂಧನೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ, ಆ ಬಿಸಿಲಲ್ಲೂ ಅಕ್ಕ ಸಂಜೆಗೆ ಚಾದರ ಹೊದ್ದು ಕೂರುತ್ತಿದ್ದಳು. ರೊಟ್ಟಿ ಬಡಿಯಲು ಕೂತರೆ ನಾಲ್ಕನೇ ರೊಟ್ಟಿಗೆ ಕೈ ಸೋಲುತ್ತಿತ್ತು. ಗಂಡನ ಮನೆಯಲ್ಲಿ ಸೋಮಾರಿ ಅನ್ನಿಸಿಕೊಂಡಳು. ನಾನೂ ಒಂದೆರಡು ಸಲ ಹಾಗೆ ಅಂದುಕೊಂಡಿದ್ದೇನೆ. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ರಕ್ತ ಪರೀಕ್ಷೆ ಮಾಡಿಸಿಲ್ಲ ಅಂತಲ್ಲ. ಮೂರು ಸಲ ಮಾಡಿಸಿದ್ದೇವೆ. ಪ್ರತಿ ಸಲವೂ ಟಿಎಸ್‌ಎಚ್ ಮಾತ್ರ, ಅಂದರೆ ಕೆಲಸ ಮಾಡು ಅಂತ ಥೈರಾಯ್ಡ್ ಗ್ರಂಥಿಗೆ ಹೇಳುವ ಹಾರ್ಮೋನು. ಒಮ್ಮೆ 2.8, ಒಮ್ಮೆ 3.1. "ಥೈರಾಯ್ಡ್ ಏನಿಲ್ಲಮ್ಮ, ರಕ್ತ ಕಡಿಮೆ ಇದೆ" ಅಂತ ಕೆಂಪು ಗುಳಿಗೆ ಬರೆದು ಕಳಿಸಿದರು.

ಹೋದ ವರ್ಷ ಒಂದು ಕಡೆ ಟಿ4, ಅಂದರೆ ಥೈರಾಯ್ಡ್ ತಯಾರಿಸುವ ಹಾರ್ಮೋನನ್ನೂ ನೋಡಿದರು. ತುಂಬಾ ಕಡಿಮೆ ಇತ್ತು. ಸಿಕ್ಕಿತಪ್ಪಾ ಕಾಯಿಲೆ ಅಂತ ನಮಗೆ ಖುಷಿ. ಅದೇ ಹಾರ್ಮೋನಿನ ಗುಳಿಗೆ, ಥೈರಾಕ್ಸಿನ್ 100, ಶುರು ಮಾಡಿದರು. ಹತ್ತೇ ದಿನ. ವಾಂತಿ, ತಲೆಸುತ್ತು, ಬಿಪಿ 70ಕ್ಕೆ ಇಳಿಯಿತು. ಬಾಯಿಗೆ ಬಂದಂತೆ ಮಾತಾಡಲು ಶುರು ಮಾಡಿದಳು. ಗಾಡಿ ಮಾಡಿಕೊಂಡು ರಾತ್ರೋರಾತ್ರಿ ದೊಡ್ಡ ದವಾಖಾನೆಗೆ ಓಡಿದೆವು. ಸೋಡಿಯಂ 116 ಇತ್ತು. 135ರ ಮೇಲೆ ಇರಬೇಕಂತೆ.

ಅಲ್ಲಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಿಪೋರ್ಟ್ ಫೈಲ್ ಪಕ್ಕಕ್ಕಿಟ್ಟು ಅವ್ವನನ್ನು ಕೇಳಿದರು: "ಕೊನೇ ಹೆರಿಗೆ ಹೇಗಾಯಿತು? ಮಗುವಿಗೆ ಹಾಲು ಕುಡಿಸಿದ್ದಳಾ?" 11 ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲನೇ ಡಾಕ್ಟರ್ ಅವರು. ಅವ್ವ ಅಲ್ಲೇ ಅತ್ತುಬಿಟ್ಟಳು.

ಕಾಯಿಲೆಯ ಹೆಸರು ಶೀಹಾನ್ ಸಿಂಡ್ರೋಮ್. ಬಸುರಿನಲ್ಲಿ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ದೊಡ್ಡದಾಗಿರುತ್ತದೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿ ಬಿಪಿ ಬಿದ್ದರೆ ಆ ಗ್ರಂಥಿಗೇ ರಕ್ತ ಸಿಗದೆ ಅದು ಸತ್ತುಹೋಗುತ್ತದೆ. ಹಾಲು, ಮುಟ್ಟು, ಥೈರಾಯ್ಡ್, ಕಾರ್ಟಿಸಾಲ್ ಎಲ್ಲದಕ್ಕೂ ಅಪ್ಪಣೆ ಕೊಡುವುದು ಅದೇ. ಕಾರ್ಟಿಸಾಲ್ ಅಂದರೆ ಬಿಪಿ ಬೀಳದಂತೆ ಮೈಯನ್ನು ಹಿಡಿದು ನಿಲ್ಲಿಸುವ ಹಾರ್ಮೋನು. ಅಕ್ಕನದು ಬೆಳಗ್ಗೆ 1.9 ಬಂತು, ತೀರಾ ಕಡಿಮೆ. ಎಂಆರ್‌ಐನಲ್ಲಿ ಗ್ರಂಥಿ ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ.

ಇದನ್ನು ಬರೆಯುತ್ತಿರುವುದು ಯಾಕೆಂದರೆ ನಮ್ಮ ಕಡೆ ಹೆರಿಗೆಯಲ್ಲಿ ರಕ್ತ ಹೋದ ಹೆಣ್ಣುಮಕ್ಕಳು ಎಷ್ಟೋ ಇದ್ದಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹೀಗೆ ಸೋತು ಕೂತವರು ಯಾರಾದರೂ ಇದ್ದಾರಾ, ನೋಡಿ.

ಬಳ್ಳಾರಿ ಲ್ಯಾಬ್ ಅಣ್ಣ

ಟೀಚರ್ ಅವರೇ, ಓದಿ ಮನಸ್ಸು ಭಾರವಾಯಿತು. 22 ವರ್ಷದಿಂದ ಲ್ಯಾಬಿನಲ್ಲಿದ್ದೇನೆ. ಟಿಎಸ್‌ಎಚ್ ಒಂದನ್ನೇ ನೋಡಿ ಯಾಕೆ ಮೋಸ ಹೋಗುತ್ತೇವೆ ಅಂತ ನನಗೆ ತಿಳಿದಂತೆ ಹೇಳುತ್ತೇನೆ.

ನಿಮ್ಮ ಎಡದಂಡೆ ಕಾಲುವೆಯನ್ನೇ ನೆನೆಸಿಕೊಳ್ಳಿ. ಹೊಲ ಒಣಗಿದರೆ ನೀರಗಂಟಿ ಬಂದು ಗೇಟು ಮೇಲೆತ್ತುತ್ತಾನೆ. ಹೊಲದಲ್ಲಿರುವ ನೀರು ಅಂದರೆ ಟಿ4. ಗೇಟು ಎಷ್ಟು ಎತ್ತಿದೆ ಅನ್ನುವುದು ಟಿಎಸ್‌ಎಚ್. ಸಾಮಾನ್ಯ ಥೈರಾಯ್ಡ್ ಕಾಯಿಲೆಯಲ್ಲಿ ಕಾಲುವೆ ಹೂತಿರುತ್ತದೆ, ನೀರಗಂಟಿ ಚೆನ್ನಾಗಿರುತ್ತಾನೆ. ಹಾಗಾಗಿ ಹೊಲ ಒಣಗಿದಷ್ಟೂ ಗೇಟು ಮೇಲೇರುತ್ತದೆ. ಟಿಎಸ್‌ಎಚ್ 10, 40, 100 ಅಂತ ಬರುತ್ತದೆ. ಆಗ ಗೇಟು ನೋಡಿದರೆ ಸಾಕು, ಹೊಲದ ಸ್ಥಿತಿ ಗೊತ್ತಾಗುತ್ತದೆ. ಆದರೆ ನೀರಗಂಟಿಯೇ ಹಾಸಿಗೆ ಹಿಡಿದಿದ್ದರೆ? ಹೊಲ ಬಿರುಕು ಬಿಟ್ಟರೂ ಗೇಟು ಮೊದಲಿದ್ದಲ್ಲೇ ಇರುತ್ತದೆ. ಟಿಎಸ್‌ಎಚ್ 2.8! ನಾವು ಗೇಟು ನೋಡಿ ಎಲ್ಲಾ ಸರಿ ಇದೆ ಅಂತ ಬರೆದು ಕೊಟ್ಟೆವು. ನಿಮ್ಮ ಅಕ್ಕನಿಗೆ ಆಗಿದ್ದು ಇದೇ.

ನಾರ್ಮಲ್ ಅಂತ ಅಚ್ಚಾಗುವ 0.4ರಿಂದ 4ರ ಲೆಕ್ಕ, ನೀರಗಂಟಿ ಎದ್ದಿದ್ದಾನೆ ಅಂತ ನಂಬಿಕೊಂಡು ಹೇಳುವ ಲೆಕ್ಕ.

ಇನ್ನೊಂದು ಮಾತು. ಕೂದಲು ಉದುರುತ್ತದೆ ಅಂತ ಬಯೋಟಿನ್ ಗುಳಿಗೆ ತಿನ್ನುವವರು ಈಗ ಜಾಸ್ತಿ. ಹಲವು ಮಷೀನುಗಳಲ್ಲಿ ಅದು ಪರೀಕ್ಷೆಯನ್ನೇ ಕೆಡಿಸುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಕಾಯಿಲೆಯೇ ಇಲ್ಲದವರಿಗೆ ಥೈರಾಯ್ಡ್ ಏರಿದೆ ಅಂತ ರಿಪೋರ್ಟ್ ಹೋಗುತ್ತದೆ. ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ ಬನ್ನಿ. ರಕ್ತ ಕೊಡುವಾಗ ಏನೇನು ಗುಳಿಗೆ ತಿನ್ನುತ್ತೀರಿ ಅಂತ ದಯವಿಟ್ಟು ಹೇಳಿ.

ಗಂಗಾವತಿ ಸೊಸೆ

ಅಕ್ಕಾ, ನಿಮ್ಮ ಅಕ್ಕ ಈಗ ಆರಾಮಿದ್ದಾರಾ? ನನಗೆ ಇದನ್ನು ಓದಿ ಭಯ ಆಯಿತು. ನಾನು ನಾಲ್ಕು ವರ್ಷದಿಂದ ಥೈರಾಕ್ಸಿನ್ 75 ತಗೋತೀನಿ. ಟಿಎಸ್‌ಎಚ್ ಒಮ್ಮೆ 3, ಒಮ್ಮೆ 9. ಯಾಕೆ ಹೀಗೆ ಕುಣಿಯುತ್ತದೆ ಗೊತ್ತಿಲ್ಲ. ಬೆಳಗ್ಗೆ ಎದ್ದು ಚಹಾ ಜೊತೆಗೇ ಗುಳಿಗೆ ನುಂಗುತ್ತೇನೆ, ಆಮೇಲೆ ಕ್ಯಾಲ್ಸಿಯಂ. ಎರಡನೇ ಮಗುವಿನ ಯೋಚನೆ ಇದೆ. ಏನು ಮಾಡಬೇಕು? ನನಗೂ ಟಿ4, ಕಾರ್ಟಿಸಾಲ್ ಎಲ್ಲಾ ಬೇಕಾ?

ಕೊಪ್ಪಳದ ಫಿಜಿಷಿಯನ್

ಮೊದಲು ತಂಗಿಗೆ ಉತ್ತರ. ಹೆದರಬೇಡಮ್ಮ. ನಮ್ಮಲ್ಲಿ ಬರುವ ನೂರಾರು ಥೈರಾಯ್ಡ್ ರೋಗಿಗಳಲ್ಲಿ ಬಹುತೇಕರದು ನಿನ್ನ ಥರದ ಸಾದಾ ಕೇಸು. ಗ್ರಂಥಿ ಸೋತಿರುತ್ತದೆ, ಪಿಟ್ಯುಟರಿ ಗಟ್ಟಿಯಾಗಿರುತ್ತದೆ. ಅಂಥವರಿಗೆ ಟಿಎಸ್‌ಎಚ್ ಒಳ್ಳೆಯ ಅಳತೆ. ಕುಣಿಯುತ್ತಿರುವುದು ಚಹಾದಿಂದ ಮತ್ತು ಕ್ಯಾಲ್ಸಿಯಂನಿಂದ ಇರಬೇಕು. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ಗಂಟೆ ಚಹಾ, ಹಾಲು, ತಿಂಡಿ ಏನೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗೆ ನಾಲ್ಕು ಗಂಟೆ ಅಂತರ ಬಿಡು. ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ ತಗೊಂಡರೆ ಗೊಂದಲವೇ ಇಲ್ಲ. ಹೀಗೆ ಆರರಿಂದ ಎಂಟು ವಾರ ಸರಿಯಾಗಿ ತಗೊಂಡು ಆಮೇಲೆ ಪರೀಕ್ಷೆ ಮಾಡಿಸು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಹದಿನೈದು ದಿನಕ್ಕೇ ಪರೀಕ್ಷೆ ಮಾಡಿದರೆ ಸುಮ್ನೆ ದುಡ್ಡು ದಂಡ.

ಮಗುವಿನ ವಿಷಯ. ಬಸುರಿಗೆ ಮೊದಲೇ ಟಿಎಸ್‌ಎಚ್ 2.5ರ ಒಳಗೆ ತಂದುಕೊಳ್ಳಬೇಕು. ಬಸುರಾದ ಮೊದಲ ವಾರಗಳಲ್ಲೇ ಥೈರಾಕ್ಸಿನ್ ಬೇಡಿಕೆ ಏರುತ್ತದೆ. ಮಗುವಿನ ಗ್ರಂಥಿ ಇನ್ನೂ ಶುರುವಾಗಿರುವುದಿಲ್ಲ, ಅದರ ಮೆದುಳು ತಾಯಿಯ ಹಾರ್ಮೋನಿನಿಂದಲೇ ಬೆಳೆಯಬೇಕು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿ ಹೇಳುವುದೇನೆಂದರೆ, ಬಸುರು ಗೊತ್ತಾದ ಕೂಡಲೇ ವಾರಕ್ಕೆ ಎರಡು ಗುಳಿಗೆ ಹೆಚ್ಚಿಗೆ ಶುರು ಮಾಡಿ, ತಕ್ಷಣ ಡಾಕ್ಟರನ್ನು ನೋಡಬೇಕು. ನಿನ್ನ ಡಾಕ್ಟರ ಹತ್ತಿರ ಈಗಲೇ ಇದನ್ನು ಮಾತಾಡಿಕೋ. ಮಗು ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆಸಿ ಟಿಎಸ್‌ಎಚ್ ನೋಡಿಸು. ಇದು ನಿನಗೆ ಮಾತ್ರ ಅಲ್ಲ, ಹೆರಿಗೆಯಾಗುವ ಎಲ್ಲ ತಾಯಂದಿರಿಗೂ ಹೇಳುತ್ತೇನೆ. ಹುಟ್ಟಿನಿಂದಲೇ ಥೈರಾಯ್ಡ್ ಇಲ್ಲದ ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಎರಡು ವಾರದ ಒಳಗೆ ಗುಳಿಗೆ ಶುರುವಾದರೆ ಬುದ್ಧಿ ಚೆನ್ನಾಗಿ ಬೆಳೆಯುತ್ತದೆ. ತಡವಾದರೆ ಆ ನಷ್ಟ ತುಂಬಿ ಬರುವುದಿಲ್ಲ.

ಈಗ ಟೀಚರ್ ಅವರ ಅಕ್ಕನ ಕೇಸು. ಥೈರಾಕ್ಸಿನ್ ಕೊಟ್ಟ ಹತ್ತು ದಿನಕ್ಕೆ ಯಾಕೆ ಕುಸಿದರು ಅಂತ ಎಲ್ಲರೂ ತಿಳಿಯಬೇಕು. ಪಿಟ್ಯುಟರಿ ಸತ್ತಾಗ ಕಾರ್ಟಿಸಾಲೂ ಕಡಿಮೆ ಇರುತ್ತದೆ. ಮೈ ನಿಧಾನವಾಗಿ ನಡೆಯುತ್ತಿರುವುದರಿಂದ ಆ ಸ್ವಲ್ಪ ಕಾರ್ಟಿಸಾಲಿನಲ್ಲೇ ದಿನ ಸಾಗುತ್ತಿರುತ್ತದೆ. ಥೈರಾಕ್ಸಿನ್ ಒಳಗೆ ಹೋದ ಕೂಡಲೇ ಮೈ ಚುರುಕಾಗುತ್ತದೆ, ಇದ್ದ ಕಾರ್ಟಿಸಾಲ್ ಬೇಗ ಖರ್ಚಾಗುತ್ತದೆ. ಬಿಪಿ ಬೀಳುತ್ತದೆ. ಅದಕ್ಕೇ ಮೊದಲು ಕಾರ್ಟಿಸಾಲಿನ ಗುಳಿಗೆ (ಸ್ಟೀರಾಯ್ಡ್ ಅನ್ನುವುದು ಇದನ್ನೇ), ಆಮೇಲೆ ಥೈರಾಕ್ಸಿನ್. ಈ ಸರದಿ ತಪ್ಪಿದರೆ ಜೀವಕ್ಕೇ ಅಪಾಯ.

ಟಿ4 ಕಡಿಮೆ ಇದ್ದು ಟಿಎಸ್‌ಎಚ್ ಏರಿಲ್ಲ ಅಂದರೆ ಡಾಕ್ಟರು ಪೆನ್ನು ಕೆಳಗಿಟ್ಟು ಹೆರಿಗೆಯ ಕತೆ ಕೇಳಬೇಕು. ನಾನೂ ಹಿಂದೆ ಕೇಳದೆ ಬಿಟ್ಟಿರಬಹುದು ಅಂತ ಈಗ ಅನ್ನಿಸುತ್ತಿದೆ. ನಾಳೆಯಿಂದ ಬಿಡುವುದಿಲ್ಲ.

ಸಿರುಗುಪ್ಪ ಓದುಗ

ಸರ್, ನಮ್ಮ ಅಮ್ಮನಿಗೆ 71. ಟಿಎಸ್‌ಎಚ್ 6.2 ಬಂದಿದೆ. ಟಿ4 ಸರಿ ಇದೆ. ಮೊಣಕಾಲು ನೋವು, ಸುಸ್ತು ಅಂತಾರೆ. ಗುಳಿಗೆ ಶುರು ಮಾಡಲೇಬೇಕು ಅಂತ ಒಬ್ಬರು, ಬೇಡ, ನಮ್ಮ ಪುಡಿ ತಿನ್ನಿ ಅಂತ ಇನ್ನೊಬ್ಬರು. ಪುಡಿ ತಿಂಗಳಿಗೆ 1800 ರೂಪಾಯಿ.

ಕೊಪ್ಪಳದ ಫಿಜಿಷಿಯನ್

ಪುಡಿ ಬೇಡ. ಅದರಲ್ಲಿ ಏನಿದೆ ಅಂತ ಮಾರುವವರೂ ಹೇಳುವುದಿಲ್ಲ. ಗುಳಿಗೆಗೂ ಅವಸರ ಬೇಡ. 2017ರಲ್ಲಿ ಯುರೋಪಿನ ಟ್ರಸ್ಟ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. 65 ದಾಟಿದ 737 ಜನ. ಎಲ್ಲರಿಗೂ ನಿಮ್ಮ ತಾಯಿಯ ಥರ ಟಿಎಸ್‌ಎಚ್ ಸ್ವಲ್ಪ ಏರಿತ್ತು. ಅರ್ಧ ಜನಕ್ಕೆ ಥೈರಾಕ್ಸಿನ್, ಅರ್ಧ ಜನಕ್ಕೆ ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಒಂದು ವರ್ಷದ ಮೇಲೆ ನೋಡಿದರೆ ಸುಸ್ತಿನಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. 10 ದಾಟಿದರೆ ಮಾತು ಬೇರೆ. ಅಮ್ಮನ ಹಿಮೋಗ್ಲೋಬಿನ್, ಬಿ12, ಸಕ್ಕರೆ ನೋಡಿಸಿದ್ದೀರಾ?

ಲಿಂಗಸುಗೂರು ಮಗ

ಮೊಣಕಾಲು ನೋವು ಅಂದಿದ್ದಕ್ಕೆ ನಮ್ಮ ಅಪ್ಪನ ಕತೆ ಹೇಳಲೇಬೇಕು.

ನಮ್ಮ ಊರಿನದು ಬೋರ್ ನೀರು. ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತಾರೆ, ನಮ್ಮ ಬೋರಿಗೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಆದರೂ ಕುಡಿದೆವು, ಬೇರೆ ನೀರು ಎಲ್ಲಿತ್ತು? ಅಪ್ಪನಿಗೆ ಸೊಂಟ, ಕುತ್ತಿಗೆ, ಮೊಣಕಾಲು ಎಲ್ಲಾ ಬಿಗಿ. ಊರಿಗೆ ಬೈಕಿನಲ್ಲಿ ಬರುವ ಒಬ್ಬರು ಕಾಗದದ ಪೊಟ್ಟಣದಲ್ಲಿ ಗುಳಿಗೆ ಕಟ್ಟಿ ಕೊಡುತ್ತಿದ್ದರು. ಮೂರು ಬಣ್ಣದ ಗುಳಿಗೆ, ಹೆಸರು ಇಲ್ಲ. ತಿಂದ ದಿನ ಅಪ್ಪ ಹೊಲಕ್ಕೆ ಹೋಗಿ ಬರುತ್ತಿದ್ದ. ದೇವರಂಥ ಮನುಷ್ಯ ಅಂತ ಅವರಿಗೆ ಜೋಳದ ಚೀಲ ಕೂಡ ಕೊಟ್ಟಿದ್ದೇವೆ.

ಎರಡು ವರ್ಷದಲ್ಲಿ ಅಪ್ಪನ ಮುಖ ಚಂದ್ರನ ಥರ ಗುಂಡಗಾಯಿತು. ಹೊಟ್ಟೆ ಬಂತು, ಕೈಕಾಲು ಸಣ್ಣಗಾದವು. ಮೈ ತುಂಬಿಕೊಂಡಿದ್ದಾನೆ ಅಂತ ನಾವು ಖುಷಿಪಟ್ಟೆವು. ಸ್ವಲ್ಪ ತಾಗಿದರೂ ಚರ್ಮದ ಕೆಳಗೆ ರಕ್ತ ಕಟ್ಟುತ್ತಿತ್ತು. ಸಕ್ಕರೆ ಕಾಯಿಲೆ ಬಂತು. ಮಳೆಗಾಲದಲ್ಲಿ ಆ ಮನುಷ್ಯ ಮೂರು ವಾರ ಬರಲಿಲ್ಲ. ಗುಳಿಗೆ ನಿಂತಿತು. ನಾಲ್ಕನೇ ದಿನ ಅಪ್ಪ ವಾಂತಿ ಮಾಡಿಕೊಂಡು ಎಚ್ಚರ ತಪ್ಪಿದ.

ರಾಯಚೂರಿನಲ್ಲಿ ಹೇಳಿದರು, ಆ ಪೊಟ್ಟಣದಲ್ಲಿದ್ದದ್ದು ಸ್ಟೀರಾಯ್ಡ್. ಹೊರಗಿನಿಂದ ದಿನಾ ಸಿಗುವುದರಿಂದ ಮೈಯೊಳಗಿನ ಅಡ್ರೀನಲ್ ಗ್ರಂಥಿ ಕಾರ್ಟಿಸಾಲ್ ತಯಾರಿಸುವುದನ್ನೇ ಬಿಟ್ಟಿತ್ತು. ತಟ್ಟನೆ ನಿಲ್ಲಿಸಿದ್ದಕ್ಕೆ ಹೀಗಾಯಿತು. ಈಗ ಒಂಬತ್ತು ತಿಂಗಳಿಂದ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಇಂಥ ಪೊಟ್ಟಣ ಇದ್ದರೆ ಬಚ್ಚಲಿಗೆ ಎಸೆಯಬೇಡಿ. ಅದನ್ನೇ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ತಾವಾಗೇ ನಿಲ್ಲಿಸಬೇಡಿ.

ಮಾನ್ವಿ ರೈತ

ನಾನು ಯಾವತ್ತೂ ಇಲ್ಲಿ ಬರೆದವನಲ್ಲ. ಟೀಚರಮ್ಮನ ಅಕ್ಕನ ಕತೆ ಮೂರು ಸಲ ಓದಿದೆ. ನಾನು ಗಂಡಸು, ಹೆರಿಗೆ ಇಲ್ಲ. ಆದರೆ ಉಳಿದದ್ದೆಲ್ಲ ನನ್ನದೇ ಅನ್ನಿಸಿತು.

ಆರು ವರ್ಷದ ಹಿಂದೆ ಭತ್ತದ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿತು. ಒಸಡಲ್ಲಿ ರಕ್ತ, ಮೂತ್ರ ನಿಂತಿತು. ಏಳು ಸಲ ಡಯಾಲಿಸಿಸ್ ಆಯಿತು. ಬದುಕಿದೆ. ಆಮೇಲೆ ಮೈಯಲ್ಲಿ ಮೊದಲಿನ ಕಸುವು ಬರಲಿಲ್ಲ. ವಿಷದ ನಂಜು ಉಳಿದಿದೆ ಅಂತ ನಾಟಿ ಔಷಧಿ ಕುಡಿದೆ. ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ವಾರಕ್ಕೆ ಎರಡು ಸಲ ಗಡ್ಡ ತೆಗೆಸುತ್ತಿದ್ದವನು ಈಗ ತಿಂಗಳಿಗೊಮ್ಮೆ. ಗಡ್ಡ ಬೆಳೆಯುವುದೇ ಇಲ್ಲ. ಕ್ಷೌರದ ಅಂಗಡಿಯ ಗೆಳೆಯನೇ ಮೊದಲು ಕೇಳಿದ, ಏನಾಗಿದೆ ನಿನಗೆ ಅಂತ. ಹೆಂಡತಿ ಹತ್ತಿರವೂ ಮೊದಲಿನ ಹಾಗಿಲ್ಲ. ಥೈರಾಯ್ಡ್ ಪರೀಕ್ಷೆ ನಾರ್ಮಲ್ ಅಂದಿದ್ದರು.

ಕೊಪ್ಪಳದ ಫಿಜಿಷಿಯನ್

ಅಣ್ಣಾ, ಬರೆದು ಬಹಳ ಒಳ್ಳೆಯ ಕೆಲಸ ಮಾಡಿದಿರಿ. ನಾಚಿಕೆ ಬೇಡವೇ ಬೇಡ. ಕೊಳಕುಮಂಡಲದ ವಿಷ ಶೀಹಾನ್ ಥರವೇ ಪಿಟ್ಯುಟರಿಯನ್ನು ಕೆಡಿಸಬಲ್ಲದು. 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರ್ಮಾದಿಂದ ಇಂಥ ರೋಗಿಗಳ ವರದಿ ಬಂದಿತ್ತು. ನಮ್ಮ ದೇಶದಿಂದಲೂ ಹಲವು ವರದಿಗಳಿವೆ. ವಿಷದಿಂದ ಕಿಡ್ನಿ ನಿಂತು ಡಯಾಲಿಸಿಸ್ ಆದವರಲ್ಲಿ ಇದನ್ನು ಮರೆಯಬಾರದು.

ಈ ವಾರವೇ ಹೋಗಿ. ಬೆಳಗ್ಗೆ ಎಂಟು ಗಂಟೆಗೆ ಕಾರ್ಟಿಸಾಲ್. ಜೊತೆಗೆ ಫ್ರೀ ಟಿ4, ಟಿಎಸ್‌ಎಚ್, ಟೆಸ್ಟೋಸ್ಟೆರಾನ್, ಸೋಡಿಯಂ. ರಾಯಚೂರಿನ ರಿಮ್ಸ್‌ಗಾದರೂ ಹೋಗಿ, ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿಗಾದರೂ ಹೋಗಿ. ಹಾವು ಕಚ್ಚಿದಾಗಿನ ಡಿಸ್ಚಾರ್ಜ್ ಚೀಟಿ ತಪ್ಪದೆ ತಗೊಂಡು ಹೋಗಿ. ಯಾರಾದರೂ ಬರೀ ಥೈರಾಯ್ಡ್ ಗುಳಿಗೆ ಬರೆದರೆ, ಕಾರ್ಟಿಸಾಲ್ ನೋಡಿದ್ದೀರಾ ಸರ್ ಅಂತ ಕೇಳಿ. ಕೇಳಿದರೆ ತಪ್ಪಿಲ್ಲ.

ಸಿಂಧನೂರು ಟೀಚರ್

ಅಣ್ಣಾ, ದಯವಿಟ್ಟು ಹೋಗಿ. ಒಬ್ಬರೇ ಹೋಗಬೇಡಿ.

ನನ್ನದೊಂದು ಪ್ರಶ್ನೆ ಇದೆ. ಅಕ್ಕನ ಕೇಸನ್ನು ವೈದ್ಯಕೀಯ ಪತ್ರಿಕೆಗೆ ಬರೆಯುತ್ತೇವೆ, ಒಪ್ಪಿಗೆ ಕೊಡಿ ಅಂತ ಡಾಕ್ಟರು ಕೇಳಿದ್ದಾರೆ. ಇಂಥ ರೋಗಿಗಳ ಮೇಲೆ ಅಧ್ಯಯನವೂ ಶುರು ಮಾಡುತ್ತಾರಂತೆ. ಭಾವ, "ನಮ್ಮವಳ ಮೇಲೆ ಪ್ರಯೋಗ ಮಾಡ್ತಾರಾ?" ಅಂತ ಸಿಟ್ಟಾಗಿದ್ದಾರೆ. ಅಕ್ಕನಿಗೆ ಕೊಡಬೇಕು ಅಂತ ಮನಸ್ಸಿದೆ.

ರಾಯಚೂರು ಪಿಜಿ

ಮೇಡಂ, ನಾನು ಮೆಡಿಸಿನ್ ಓದುತ್ತಿರುವ ವಿದ್ಯಾರ್ಥಿ. ಭಾವನವರ ಸಿಟ್ಟು ನ್ಯಾಯವಾದದ್ದೇ. ಅವರು ಕೇಳಬೇಕಾದ ಪ್ರಶ್ನೆಗಳನ್ನು ಹೇಳುತ್ತೇನೆ.

ಕೇಸು ಬರೆಯುವುದು ಬೇರೆ, ಅಧ್ಯಯನ ಬೇರೆ. ಕೇಸು ಅಂದರೆ ಆಗಿಹೋದದ್ದನ್ನು ಹೆಸರಿಲ್ಲದೆ ಬರೆಯುವುದು. ಹೊಸ ಔಷಧಿ ಏನೂ ಕೊಡುವುದಿಲ್ಲ. ಊರ ಹೆಸರು, ಮುಖದ ಫೋಟೋ ಬೇಡ ಅಂತ ಹೇಳಬಹುದು. ಅಚ್ಚಿಗೆ ಮೊದಲು ಓದಿ ಹೇಳಿ ಅಂತಲೂ ಕೇಳಬಹುದು.

ಅಧ್ಯಯನವಾದರೆ ಮೊದಲು ಕಾಲೇಜಿನ ನೈತಿಕ ಸಮಿತಿ ಒಪ್ಪಿರಬೇಕು. ಔಷಧಿ ಕೊಟ್ಟು ನೋಡುವಂಥದ್ದಾದರೆ ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು. 2009ರ ಜೂನ್‌ನಿಂದ ಅದು ಕಡ್ಡಾಯ. ಆ ನಂಬರ್ ಕೇಳಿ, ಯಾರು ಬೇಕಾದರೂ ಹುಡುಕಿ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಒಂದು ಪ್ರತಿ ನಿಮ್ಮ ಕೈಯಲ್ಲಿ ಉಳಿಯಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೆ ಚಿಕಿತ್ಸೆ ನಿಲ್ಲಬಾರದು. ಮುಖ್ಯವಾಗಿ, ಸಹಿ ಅಕ್ಕನದು. ಭಾವನದ್ದಲ್ಲ, ನಿಮ್ಮದೂ ಅಲ್ಲ.

ಕೇಸು ಬರೆದರೆ ಏನು ಲಾಭ ಅಂತ ಕೇಳಿದರೆ ಭಾವನಿಗೆ ಇದನ್ನು ಹೇಳಿ. 1891ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಮರ್ರೆ ಅನ್ನುವ ಡಾಕ್ಟರ್ ಥೈರಾಯ್ಡ್ ಸೋತ 46 ವರ್ಷದ ಒಬ್ಬ ಹೆಣ್ಣುಮಗಳಿಗೆ ಕುರಿಯ ಥೈರಾಯ್ಡ್ ರಸದ ಸೂಜಿ ಕೊಟ್ಟರು. ಅಲ್ಲಿಯತನಕ ಈ ಕಾಯಿಲೆಗೆ ಇಂಥ ಮದ್ದು ಇರಲಿಲ್ಲ. ಆಕೆ ಇನ್ನೂ 28 ವರ್ಷ ಬದುಕಿದರು. ಆ ಡಾಕ್ಟರ್ ಅದನ್ನು ಬರೆದಿಟ್ಟರು. ಒಬ್ಬ ರೋಗಿಯ ಆ ಬರಹದಿಂದ ಶುರುವಾಗಿದ್ದೇ ಇವತ್ತು ಗಂಗಾವತಿ ಅಕ್ಕ ನುಂಗುವ ಗುಳಿಗೆ.

ಮಾನ್ವಿ ರೈತ

ಮೂರು ವಾರ ಆಯಿತು. ತಮ್ಮನನ್ನು ಕರಕೊಂಡು ಹೋಗಿದ್ದೆ. ಕಾರ್ಟಿಸಾಲ್ 2.4. ಟಿ4 ಕಡಿಮೆ. ಟೆಸ್ಟೋಸ್ಟೆರಾನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಡಾಕ್ಟರಿಗೆ ಹಾವಿನ ಚೀಟಿ ತೋರಿಸಿದ ಕೂಡಲೇ ಅವರೇ ಎದ್ದು ಹೋಗಿ ಇನ್ನೊಬ್ಬ ಡಾಕ್ಟರನ್ನು ಕರಕೊಂಡು ಬಂದರು. ಮೊದಲು ಸ್ಟೀರಾಯ್ಡ್ ಗುಳಿಗೆ ಕೊಟ್ಟರು. ಐದು ದಿನಕ್ಕೆ ಹಸಿವಾಯಿತು. ಆರು ವರ್ಷದ ಮೇಲೆ ಹಸಿವು ಅಂದರೆ ಏನು ಅಂತ ಗೊತ್ತಾಯಿತು ಸರ್. ಥೈರಾಕ್ಸಿನ್ ಮುಂದಿನ ವಾರದಿಂದ.

ಬಳ್ಳಾರಿ ಲ್ಯಾಬ್ ಅಣ್ಣ

ಅಣ್ಣಾ, ಓದಿ ಕಣ್ಣು ತುಂಬಿತು. ನಮ್ಮ ಲ್ಯಾಬಿನ ಚೀಟಿಯಲ್ಲಿ ಈಗ ಒಂದು ಸಾಲು ಸೇರಿಸಿದ್ದೇವೆ. ಥೈರಾಯ್ಡ್ ಪರೀಕ್ಷೆಗೆ ಬಂದವರನ್ನು ಹೆರಿಗೆಯಲ್ಲಿ ರಕ್ತಸ್ರಾವ, ಹಾವು ಕಡಿತ, ಸ್ಟೀರಾಯ್ಡ್, ಬಯೋಟಿನ್ ಬಗ್ಗೆ ಕೇಳಿ ಬರೆಯುತ್ತೇವೆ. ಹೌದು ಅಂದರೆ ಡಾಕ್ಟರಿಗೆ ಫೋನ್ ಮಾಡುತ್ತೇವೆ.

ಗಂಗಾವತಿ ಸೊಸೆ

ಚಹಾ ಒಂದು ಗಂಟೆ ತಡ ಮಾಡಿದೆ, ಕ್ಯಾಲ್ಸಿಯಂ ರಾತ್ರಿಗೆ ಹಾಕಿದೆ. ಎರಡು ತಿಂಗಳಿಗೆ ಟಿಎಸ್‌ಎಚ್ 2.1. ಅದೇ 75ರಲ್ಲೇ.

ಸಿಂಧನೂರು ಟೀಚರ್

ಅಕ್ಕ ಸಹಿ ಹಾಕಿದಳು. ಭಾವ ಪಕ್ಕದಲ್ಲೇ ಕೂತು ಒಪ್ಪಿಗೆ ಪತ್ರ ಪೂರ್ತಿ ಓದಿ ಹೇಳಿದರು. ಫೋಟೋ ಬೇಡ ಅಂದಳು, ಹೂಂ ಅಂದರು.

ಜ್ವರ ಬಂದರೆ ಸ್ಟೀರಾಯ್ಡ್ ಗುಳಿಗೆ ಎರಡು ಪಟ್ಟು, ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ತಕ್ಷಣ ದವಾಖಾನೆಗೆ ಹೋಗಿ ಸೂಜಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕನ ಪರ್ಸಿನಲ್ಲಿ ಒಂದು, ಅಡುಗೆಮನೆಯ ಗೋಡೆಗೆ ಒಂದು ಅಂಟಿಸಿದ್ದೇವೆ. ಅವಳ 11 ವರ್ಷದ ಮಗ ಅದನ್ನು ಬಾಯಿಪಾಠ ಮಾಡಿದ್ದಾನೆ.

ಮೊನ್ನೆ ಭಾನುವಾರ ಹೋಗಿದ್ದೆ. ಅಕ್ಕ ಒಲೆ ಮುಂದೆ ಕೂತಿದ್ದಳು. ನಾನು ಎಣಿಸಿದೆ. ಹದಿನಾರು ರೊಟ್ಟಿ.